ಲಲಿತಾಬಾಯಿ ಗಡುವು ಕೇಳದ ಶುಕ್ರವಾರ

ಹುಮನಾಬಾದಿನ ಕ್ರೈಸ್ತರ ಓಣಿಯಲ್ಲಿ ಲಲಿತಾಬಾಯಿಯ ಮನೆ ಯಾವುದು ಎಂದು ಎರಡನೆಯ ಸಲ ಕೇಳುವ ಪ್ರಸಂಗ ಯಾರಿಗೂ ಬರುತ್ತಿರಲಿಲ್ಲ. ತಗಡಿನ ಮಾಡು, ಬಾಗಿಲ ಮೇಲೆ ಸುಣ್ಣದಲ್ಲಿ ಎಳೆದ ಶಿಲುಬೆ, ಹೊರಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ಕುಳಿತ ಪರವೂರಿನವರು ಒಬ್ಬಿಬ್ಬರು, ಇಷ್ಟು ಕಂಡರೆ ಅದೇ ಮನೆ. ಕುಳಿತವರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ನಮೂನೆಯವು. ಸೊಸೆ ಮಾತು ಬಿಟ್ಟಿದ್ದಾಳೆ, ಇದು ರೋಗವೋ ಗಾಳಿಯೋ? ಕನಸಿನಲ್ಲಿ ಊರು ಬಿಡು ಎಂಬ ದನಿ ಕೇಳಿತು, ಅದು ದೇವರದೋ ನನ್ನ ಆಸೆಯದೋ? ಮನೆಗೆ ಬಂದು ಪ್ರಾರ್ಥನೆ ಮಾಡುತ್ತೇನೆ ಎನ್ನುವ ಈ ಹೊಸ ಮನುಷ್ಯ ಖರೇ ಭಕ್ತನೋ ವೇಷಧಾರಿಯೋ?

ಲಲಿತಾಬಾಯಿ ಓದಿದ್ದು ನಾಲ್ಕನೆಯ ಇಯತ್ತೆ. ಹುಟ್ಟಿದ್ದು ಹತ್ತಿರದ ಹುಡಗಿ ಎಂಬ ಊರಿನಲ್ಲಿ, ಮಂದಿಯ ಹೊಲದಲ್ಲಿ ಕೂಲಿ ಮಾಡುವವರ ಮನೆಯಲ್ಲಿ. ದೀಕ್ಷಾಸ್ನಾನ ಅಜ್ಜನ ಕಾಲಕ್ಕೇ ಆಗಿತ್ತು. ಹುಮನಾಬಾದಿಗೆ ಕೊಟ್ಟರು. ಗಂಡ ದತ್ತಾತ್ರಿ ಬಜಾರಿನಲ್ಲಿ ಹಮಾಲ. ಮಗಳು ರೂಪಾಲಿಗೆ ಐದು ತುಂಬುವಷ್ಟರಲ್ಲಿ ಅವನು ಒಂದು ಜ್ವರದಲ್ಲಿ ಹೋಗಿಬಿಟ್ಟ. ಆಮೇಲೆ ಅವಳಿಗೆ ಹುಡುಗಿಯರ ಒಂದು ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಬೆಳಗಿನ ಐದಕ್ಕೆ ಒಲೆಯ ಮುಂದೆ ಕೂತರೆ ಇನ್ನೂರು ರೊಟ್ಟಿ ಇಳಿಸಿಯೇ ಏಳಬೇಕು.

ಅವಳಿಗೆ ವಿವೇಚನೆಯ ವರ ಇದೆ ಎಂದು ಮೊದಲು ಹೇಳಿದವರು ಸಭೆಯ ಮಾಣಿಕಪ್ಪ ಪಾಸ್ಟರ್. ಪವಿತ್ರಾತ್ಮನು ಒಬ್ಬೊಬ್ಬರಿಗೆ ಒಂದೊಂದು ವರ ಕೊಡುತ್ತಾನೆ, ಒಬ್ಬರಿಗೆ ಬೋಧಿಸುವುದು, ಒಬ್ಬರಿಗೆ ಗುಣಪಡಿಸುವುದು, ಇನ್ನೊಬ್ಬರಿಗೆ ಯಾವ ಆತ್ಮ ಎಲ್ಲಿಯದು ಎಂದು ಗುರುತಿಸುವುದು ಎಂಬ ಮಾತನ್ನು ಸಭೆಯವರೆಲ್ಲ ಚಿಕ್ಕಂದಿನಿಂದ ಕೇಳಿದವರೇ. ಆದರೆ ಆ ಮೂರನೆಯ ವರ ತಮ್ಮ ಓಣಿಯ ರೊಟ್ಟಿ ಬಡಿಯುವ ಹೆಂಗಸಿಗೆ ಬಂದೀತೆಂದು ಯಾರು ತಾನೇ ಎಣಿಸಿದ್ದರು?

ಅದು ತೊಂಬತ್ತೆರಡನೆಯ ಇಸವಿ. ಹುಡಗಿ ಊರಿನ ದೊಡ್ಡ ಒಕ್ಕಲುತನದ ಮಹಾರುದ್ರಪ್ಪ ತನ್ನ ಸೊಸೆ ಭಾಗಮ್ಮನನ್ನು ಶುಕ್ರವಾರದ ಉಪವಾಸ ಕೂಟಕ್ಕೆ ಕರೆತಂದಿದ್ದ. ಹುಡುಗಿ ಮೂರು ವಾರದಿಂದ ಬಾಯಿ ಬಿಟ್ಟಿರಲಿಲ್ಲ, ಗೋಡೆ ನೋಡುತ್ತ ಕೂರುತ್ತಿದ್ದಳು. ಮಠ ಆಗಿತ್ತು, ದರ್ಗಾ ಆಗಿತ್ತು, ಕೊನೆಗೆ ಇಲ್ಲಿಗೆ. ಉಳಿದವರು ಜೋರಾಗಿ ಪ್ರಾರ್ಥಿಸುತ್ತಿದ್ದಾಗ ಲಲಿತಾಬಾಯಿ ಹುಡುಗಿಯ ಪಾದ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಪಾಸ್ಟರ್ ಏನಂತೀರಿ ಎಂದು ಕೇಳಿದಾಗ, "ನಾಳಿ ಹೇಳತೀನ್ರಿ" ಎಂದಳು. ಮರುದಿನ ರೊಟ್ಟಿ ಕೆಲಸ ಮುಗಿಸಿ ಬಂದು ಹೇಳಿದಳು: "ದೆವ್ವಿಲ್ಲ ಏನಿಲ್ರಿ ಗೌಡ್ರ. ಇಕಿ ಕೂಸು ಸತ್ತಾಗ ಇಕಿಗಿ ಅಳಾಕ ಬಿಟ್ಟಿಲ್ಲ ನೀವು. ಒಂದ್ ತಿಂಗಳ ತವರಿಗಿ ಕಳಸ್ರಿ."

ಮಹಾರುದ್ರಪ್ಪನಿಗೆ ಮೊದಲು ಸಿಟ್ಟು ಬಂದಿತ್ತು. ಆದರೂ ಕಳಿಸಿದ. ತಿಂಗಳು ತುಂಬುವ ಮೊದಲೇ ಭಾಗಮ್ಮ ತಾಯಿಯ ಕೊರಳು ಹಿಡಿದು ಎದೆ ಬಿರಿಯುವಂತೆ ಅತ್ತಳಂತೆ, ಅತ್ತ ಮೇಲೆ ಊಟ ಕೇಳಿದಳಂತೆ. ಗಾಡಿ ತುಂಬ ಜೋಳದ ತೆನೆ ಕೊಡಲು ಬಂದ ಮಹಾರುದ್ರಪ್ಪನನ್ನು ಲಲಿತಾಬಾಯಿ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದಳು.

ಅಲ್ಲಿಂದ ಹನ್ನೊಂದು ವರ್ಷ. ಅವಳ ಪದ್ಧತಿ ಒಂದೇ. ಕೇಳಿದ ದಿನ ಉತ್ತರ ಇಲ್ಲ. ಒಂದು ರಾತ್ರಿಯ ಗಡುವು ಬೇಕು, ಆ ರಾತ್ರಿ ಅನ್ನನೀರು ಇಲ್ಲ. ಬೆಳಿಗ್ಗೆ ಹಿಟ್ಟು ನಾದಿ, ಹಂಚಿನ ಮೇಲೆ ರೊಟ್ಟಿ ಹಾಕಿ, ಮೇಲೆ ನೀರು ಸವರುವಾಗ ಎಲ್ಲೋ ಒಂದು ಹೊತ್ತಿನಲ್ಲಿ ವಿಷಯ ತಾನಾಗಿ ತಿಳಿಯಾಗುತ್ತಿತ್ತು. ದನಿಯಿಲ್ಲ, ದರ್ಶನವಿಲ್ಲ. ಇದು ಹೀಗೆ ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಆಗದಿದ್ದರೆ ಇನ್ನೊಂದು ದಿನ ಕೇಳುತ್ತಿದ್ದಳು. ಪಾಂಡುರಂಗನೆಂಬ ಕುಡುಕನ ವಿಷಯದಲ್ಲಿ ಐದು ದಿನ ತೆಗೆದುಕೊಂಡದ್ದೂ ಉಂಟು. ಆದರೆ "ನನಗೆ ತಿಳಿಯಲಿಲ್ಲ" ಎಂದು ಅವಳು ಯಾರಿಗೂ ಹೇಳಿ ಕಳಿಸಿದವಳಲ್ಲ. ಇದನ್ನು ನೆನಪಿಡಬೇಕು, ಏಕೆಂದರೆ ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ. ಹನ್ನೊಂದು ವರ್ಷ ಒಂದೂ ಮಾತು ಹುಸಿ ಹೋಗದಿದ್ದರೆ ಎಂಥವರಿಗೂ ತಿಳಿಯಲಿಲ್ಲ ಎನ್ನುವ ಮಾತು ಮರೆತುಹೋಗುತ್ತದೆ.

ಇಷ್ಟು ಮಂದಿಯ ಬೇನೆ ಗುರುತಿಸಿದವಳ ಮನೆಯಲ್ಲಿಯೇ ಒಂದು ಬೇನೆ ಇತ್ತು. ರೂಪಾಲಿಗೆ ಒಂಬತ್ತನೆಯ ವಯಸ್ಸಿನಿಂದ ಮೂರ್ಛೆ ರೋಗ. ಅದರಲ್ಲಿ ಲಲಿತಾಬಾಯಿಗೆ ಗೊಂದಲವೇ ಇರಲಿಲ್ಲ. ಓಣಿಯ ಹೆಂಗಸರು ಗಾಳಿ ಬಡಿದಿದೆ ಎಂದಾಗ, ಒಂದು ರಾತ್ರಿ ಉಪವಾಸ ಕೂತು, ಬೆಳಿಗ್ಗೆ ರೊಟ್ಟಿ ಬಡಿದು, ಮಗಳನ್ನು ನೆಟ್ಟಗೆ ಸರಕಾರಿ ದವಾಖಾನೆಗೆ ಒಯ್ದಿದ್ದಳು. ಡಾಕ್ಟರು ಗುಳಿಗೆ ಬರೆದರು, ಒಂದು ದಿನವೂ ತಪ್ಪಿಸಬಾರದು ಎಂದರು. ಬಸ್ ಸ್ಟ್ಯಾಂಡಿನ ಬಳಿ ಔಷಧದ ಅಂಗಡಿ ಇಟ್ಟ ಮಹೆಬೂಬ ಪ್ರತಿ ತಿಂಗಳು ಅವಳು ಬರುವ ಮೊದಲೇ ಆ ಚೀಟಿಯ ಗುಳಿಗೆ ಕಟ್ಟಿ ಇಡುತ್ತಿದ್ದ. ಎರಡು ವರ್ಷದಿಂದ ರೂಪಾಲಿ ಒಮ್ಮೆಯೂ ಬಿದ್ದಿರಲಿಲ್ಲ.

ಎರಡು ಸಾವಿರದ ಮೂರರ ಸಂಕ್ರಾಂತಿಯ ನಂತರ ಹುಲಸೂರಿನಿಂದ ಹುಡುಗಿ ನೋಡಲು ಬಂದರು. ಹುಡುಗ ಸ್ವಪ್ನಿಲ, ಟೆಂಪೋ ಓಡಿಸುವವ, ಸಭ್ಯ. ರೂಪಾಲಿಯನ್ನು ನೋಡಿದವನು ಚಹಾ ಕುಡಿಯುವುದನ್ನೇ ಮರೆತು ಕೂತಿದ್ದ. ಅವನ ಸೋದರತ್ತೆ ಕಾಂತಾಬಾಯಿ ಸಲುಗೆಯಿಂದ ಅಡುಗೆಮನೆಗೆ ಬಂದು, ಚಹಾಕ್ಕೆ ಇನ್ನಷ್ಟು ಸಕ್ಕರೆ ಬೇಕೆಂದು ಡಬ್ಬಿ ತೆರೆದಳು. ತೆರೆದದ್ದು ಸಕ್ಕರೆಯ ಪಕ್ಕದ ಡಬ್ಬಿ. ಅದರಲ್ಲಿ ಗುಳಿಗೆಯ ಪಟ್ಟಿಗಳಿದ್ದವು.

"ಇವು ಯಾತರವ ಗುಳಿಗಿ, ವೈನಿ?" ಎಂದಳು ಕಾಂತಾಬಾಯಿ.

ಸುಳ್ಳು ಹೇಳುವುದು ಲಲಿತಾಬಾಯಿಗೆ ಬರುತ್ತಿರಲಿಲ್ಲ. ಇದ್ದದ್ದು ಹೇಳಿದಳು. ಬಂದವರು ಎದ್ದು ಹೋದರು. ರೂಪಾಲಿ ಅತ್ತರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವಳು ಎಲ್ಲರ ಚಹಾ ಬಟ್ಟಲು ತೊಳೆದಿಟ್ಟು, ಡಬ್ಬಿಯಿಂದ ಆ ದಿನದ ಗುಳಿಗೆ ತೆಗೆದು, ನೀರಿಲ್ಲದೆ ನುಂಗಿದಳು. ಆ ನುಂಗಿದ್ದು ತಾಯಿಯ ಕರುಳಿಗೆ ಹತ್ತಿತು. ಅಂದಿನಿಂದ ಅವಳ ಪ್ರಾರ್ಥನೆಯಲ್ಲಿ ಬೇರೆಯವರ ಹೆಸರುಗಳು ಒಂದೊಂದೇ ಕಡಿಮೆಯಾದವು.

ಪ್ರಭುದಾಸ ಬಂದದ್ದು ಅದೇ ಬೇಸಿಗೆಯಲ್ಲಿ. ಜಹೀರಾಬಾದ್ ಕಡೆಯವನು, ಮೂವತ್ತೈದರ ಆಸುಪಾಸು, ತೆಳ್ಳನೆಯ ಮನುಷ್ಯ. ಬಸವಕಲ್ಯಾಣದಲ್ಲಿ ಕೋಟೆಯ ದಾರಿಗೆ ಒಂದು ಹಳೆಯ ಗೋದಾಮು ಬಾಡಿಗೆಗೆ ಹಿಡಿದು ಪ್ರಾರ್ಥನಾ ಮಂದಿರ ಮಾಡಿದ್ದ. ಅಲ್ಲಿ ಕುರುಡರಿಗೆ ಕಣ್ಣು ಬಂತು, ಕುಂಟರು ನಡೆದರು ಎಂಬ ಸುದ್ದಿ ಬಸ್ಸಿಗಿಂತ ಮೊದಲು ಹುಮನಾಬಾದಿಗೆ ಮುಟ್ಟುತ್ತಿತ್ತು. ಒಂದು ಶುಕ್ರವಾರ ಅವನೇ ಉಪವಾಸ ಕೂಟಕ್ಕೆ ಬಂದ. ಹೊಸ ಬೋಧಕ ಯಾರೇ ಬರಲಿ, ಅವನಿಗೆ ಪ್ರಸಂಗಕ್ಕೆ ಅವಕಾಶ ಕೊಡುವ ಮೊದಲು ಲಲಿತಾಬಾಯಿಯನ್ನು ಕೇಳುವುದು ಆ ಸಭೆಯ ರೂಢಿ. ಅಂದರೆ ಈ ವಾರ ಕೇಳುವುದು, ಮುಂದಿನ ವಾರ ಅವಕಾಶ ಕೊಡುವುದು.

ಪ್ರಭುದಾಸ ಕೈಮುಗಿದು ಸಾಲಿನ ನಡುವೆ ನಡೆದು ಬರುತ್ತಿದ್ದವನು ರೂಪಾಲಿಯ ಮುಂದೆ ನಿಂತ. ಅವಳ ತಲೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದ. "ಈ ತಂಗಿಗಿ ಬೀಳೋ ಬ್ಯಾನಿ ಅದ. ಇವತ್ತ ಅದು ಹೋಗೇದ" ಎಂದ.

ರೂಪಾಲಿಯ ರೋಗ ಓಣಿಗೆಲ್ಲ ಗೊತ್ತಿದ್ದದ್ದು, ಯಾರಾದರೂ ಅವನ ಕಿವಿಗೆ ಹಾಕಿರಬಹುದು ಎಂದು ಲಲಿತಾಬಾಯಿಯ ತಲೆಯಲ್ಲಿ ಒಂದು ಕ್ಷಣ ಬಂದು ಹೋಯಿತು. ಬಂದದ್ದು ಖರೆ. ಆಮೇಲೆ ಅವಳು ಅದನ್ನು ಎಷ್ಟು ಸಲ ನೆನೆದುಕೊಂಡಳೋ.

"ಲಲಿತಾಬಾಯಿ, ಏನಂತೀರಿ?" ಎಂದು ಮಾಣಿಕಪ್ಪ ಪಾಸ್ಟರ್ ರೂಢಿಯ ಪ್ರಕಾರ ಕೇಳಿದರು.

ಅವಳು ಒಳಗೆ ನೋಡಿಕೊಂಡಳು. ಏನೂ ಇರಲಿಲ್ಲ. ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ನಾಳೆ ಹೇಳುತ್ತೇನೆ ಎನ್ನಬೇಕು. ಹನ್ನೊಂದು ವರ್ಷ ಅಂದ ಮಾತು ಅದು, ನಾಲಿಗೆಯ ತುದಿಯಲ್ಲಿಯೇ ಇತ್ತು. ಅಷ್ಟರಲ್ಲಿ ರೂಪಾಲಿ ತಿರುಗಿ ಅವಳ ಮುಖ ನೋಡಿದಳು. ಹುಲಸೂರಿನವರು ಎದ್ದು ಹೋದ ದಿನದಿಂದ ಆ ಮುಖದಲ್ಲಿ ಕಾಣದೆ ಹೋಗಿದ್ದ ಆಸೆ ಅಂದು ತುಂಬಿಕೊಂಡಿತ್ತು.

"ದೇವರ ಮನುಷ್ಯಾ ಹೌದ್ರಿ" ಎಂದಳು ಲಲಿತಾಬಾಯಿ.

ಸಭೆ ಸ್ತೋತ್ರ ಸ್ತೋತ್ರ ಎಂದು ಗುಡುಗಿತು. ಕಾಣಿಕೆಯ ಚೀಲ ಸಾಲಿನಲ್ಲಿ ಬಂದಾಗ ರೂಪಾಲಿ ರವಿಕೆಯೊಳಗಿನ ಚಿಕ್ಕ ಪರ್ಸಿನಿಂದ ಉಳಿದಿದ್ದ ಗುಳಿಗೆಯ ಪಟ್ಟಿ ತೆಗೆದು ಚೀಲಕ್ಕೆ ಹಾಕಿದಳು.

ಮೊದಲ ತಿಂಗಳು ಏನೂ ಆಗಲಿಲ್ಲ. ಲಲಿತಾಬಾಯಿಗೆ ದೇವರ ಮೇಲೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ. ಪ್ರತಿ ಭಾನುವಾರ ರೂಪಾಲಿ ಸಸ್ತಾಪುರ ಬಂಗ್ಲಾದ ಕ್ರಾಸಿನ ಮೇಲೆ ಹಾಯುವ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಹೋಗಿ, ಗೋದಾಮಿನಲ್ಲಿ ನಾಲ್ಕುನೂರು ಮಂದಿಯ ಮುಂದೆ ಮೈಕು ಹಿಡಿದು ಸಾಕ್ಷಿ ಹೇಳುತ್ತಿದ್ದಳು. ಹತ್ತು ವರ್ಷ ಗುಳಿಗೆ ತಿಂದೆ, ಒಂದು ದಿನದಲ್ಲಿ ಬಿಟ್ಟೆ, ನೋಡಿರಿ ನಿಂತಿದ್ದೇನೆ. ಸುದ್ದಿ ಹುಲಸೂರಿಗೂ ಹೋಯಿತು. ಕಾಂತಾಬಾಯಿ ತಾನಾಗಿ ಬಂದು ಕಟ್ಟೆಯ ಮೇಲೆ ಕೂತು, ನಮ್ಮ ಹುಡುಗ ಬೇರೆ ಹೆಣ್ಣು ಒಲ್ಲೆ ಅನ್ನುತ್ತಾನೆ, ದೀಪಾವಳಿ ಮುಗಿದ ಮೇಲೆ ಮಾಡಿಬಿಡೋಣ ಎಂದಳು.

ನಲವತ್ತನೆಯ ದಿನವೋ ನಲವತ್ತೊಂದನೆಯ ದಿನವೋ, ರೂಪಾಲಿ ಒಲೆಯ ಮುಂದೆ ಬಿದ್ದಳು. ಲಲಿತಾಬಾಯಿ ಹಾಸ್ಟೆಲ್ಲಿನಿಂದ ಬಂದಾಗ ಹುಡುಗಿ ಎದ್ದು ಕೂತು ಬಲಗೈಗೆ ಅರಿಷಿಣ ಮೆತ್ತಿಕೊಳ್ಳುತ್ತಿದ್ದಳು. ಅಂಗೈಯಿಂದ ಮೊಣಕೈತನಕ ಚರ್ಮ ಸುಲಿದಿತ್ತು. ಕಾಲು ಜಾರಿತು ಎಂದಳು. ಕಾಲು ಜಾರಿದವರ ನಾಲಿಗೆಯಲ್ಲಿ ಹಲ್ಲಿನ ಗುರುತು ಏಕೆ ಮೂಡುತ್ತದೆ? ಈ ಸಲ ಲಲಿತಾಬಾಯಿಗೆ ರಾತ್ರಿಯ ಗಡುವು ಬೇಕಾಗಲಿಲ್ಲ.

ಅವಳು ನೆಟ್ಟಗೆ ಮಹೆಬೂಬನ ಅಂಗಡಿಗೆ ಹೋದಳು.

"ಎರಡ್ ತಿಂಗಳಾತು ಗುಳಿಗಿ ಒಯ್ದಿಲ್ಲ. ಊರಿಗಿ ಹೋಗೀರಿ ಅಂತ ಮಾಡಿದ್ದೆ" ಎಂದ ಮಹೆಬೂಬ. ಅವಳು ನಡೆದದ್ದು ಹೇಳಿದಾಗ ಕೈಲಿದ್ದ ಬಾಟಲಿ ಕೆಳಗಿಟ್ಟ. "ಖಾಲಾ, ಇದು ತಮಾಷಾ ಅಲ್ರಿ. ಈ ಗುಳಿಗಿ ಒಮ್ಮಿಗೆ ಬಿಟ್ರ ಒಂದರ ಮ್ಯಾಲ ಒಂದ್ ಫಿಟ್ಸ್ ಬರತಾವ. ನಿಲ್ಲೂದೇ ಇಲ್ಲ. ಜಾನ್ ಹೋಗತದ. ಡಾಕ್ಟರ್ ಸಾಹೇಬ್ರು ಮೊದಲೇ ಹೇಳಿಲ್ಲೇನು?"

ಹೇಳಿದ್ದರು. ಹತ್ತು ವರ್ಷದಿಂದ ಹೇಳುತ್ತಲೇ ಇದ್ದರು.

ಪಟ್ಟಿ ಹಿಡಿದು ಮನೆಗೆ ಬಂದು ಮಗಳ ಮುಂದೆ ಇಟ್ಟಳು. ರೂಪಾಲಿ ಮುಟ್ಟಲಿಲ್ಲ.

"ಇದು ಪರೀಕ್ಷಾ ಅಂತ ಪ್ರಭುದಾಸ ಬ್ರದರ್ ಹೇಳ್ಯಾರ. ಗುಣ ಆದ ಮ್ಯಾಲ ಸೈತಾನ ಒಮ್ಮಿ ಹಿಂದ ತಿರುಗಿ ನೋಡತಾನಂತ. ಆಗ ಗುಳಿಗಿ ತಗೊಂಡ್ರ ದೇವರಿಗಿ ಸುಳ್ಳಗಾರ ಅಂದಂಗ."

"ಅವಾ ಹೇಳಿದ್ದೆಲ್ಲಾ ಖರೇ ಇರಬೇಕಂತ ಅದ ಏನ?"

"ಅವರು ದೇವರ ಮನುಷ್ಯಾ ಅಂತ ಹೇಳಿದಾಕಿ ನೀನೇ ಅಲ್ಲೇನು?" ರೂಪಾಲಿ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಜಗಳವಾಡಬಹುದಿತ್ತು. ಅವಳು ಮೆಲ್ಲಗೆ, ನಂಬಿಕೆಯಿಂದ ಕೇಳಿದಳು. "ನಿನ್ನ ಮಾತು ಇಲ್ಲೀತನಕ ಒಮ್ಮಿನೂ ಸುಳ್ಳಾಗಿಲ್ಲವ್ವ. ನನ್ನ ವಿಷಯದಾಗೇ ಸುಳ್ಳಾಗತದೇನು?"

ಅಂದು ನಾನೇ ತಪ್ಪಿದೆ ಎನ್ನಲು ಲಲಿತಾಬಾಯಿಗೆ ಒಂದು ಕ್ಷಣ ಸಾಕಿತ್ತು. ಆದರೆ ಹಾಗೆಂದರೆ ಹುಲಸೂರಿನ ಮದುವೆ ಮುರಿಯುತ್ತದೆ, ಮಗಳ ಮುಖದ ಮೇಲಿನ ಆಸೆ ತಾಯಿಯ ಕೈಯಿಂದಲೇ ಆರುತ್ತದೆ. ಅದೂ ನಿಜ, ಇನ್ನೊಂದೂ ನಿಜ. ಹನ್ನೊಂದು ವರ್ಷ ಕಟ್ಟೆಯ ಮೇಲೆ ಮಂದಿ ಕಾಯುತ್ತ ಕೂತ ಹೆಂಗಸಿಗೆ ಆ ಮಾತು ಗಂಟಲಿನಿಂದ ಮೇಲೆ ಏಳುವುದಿಲ್ಲ. ಅವಳು ಅಡ್ಡದಾರಿ ಹಿಡಿದಳು. ಪಟ್ಟಿಯ ಹತ್ತೂ ಗುಳಿಗೆಗಳನ್ನು ಕಲ್ಲಿನಲ್ಲಿ ಅರೆದು ಪುಡಿ ಮಾಡಿ ಕಾಗದದಲ್ಲಿ ಕಟ್ಟಿಟ್ಟು, ದಿನಾ ಒಂದು ಚಿಟಿಕೆಯಂತೆ ಮಗಳ ಪುಂಡಿಪಲ್ಯಕ್ಕೆ ಬೆರೆಸತೊಡಗಿದಳು. ಪುಂಡಿಯ ಹುಳಿಗೆ ಕಹಿ ಗೊತ್ತಾಗದು ಎಂಬ ಲೆಕ್ಕ. ಮೂರನೆಯ ದಿನ ರೂಪಾಲಿ ತುತ್ತು ಬಾಯಲ್ಲಿಟ್ಟು, ತಾಯಿಯ ಮುಖ ನೋಡಿ, ತಟ್ಟೆಗೆ ಉಗುಳಿದಳು.

"ಕಳ್ಳತನದಿಂದ ನನ್ನ ವಿಶ್ವಾಸ ಕೆಡಸಾಕತ್ತೀಯಾ?" ಎಂದವಳೇ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದಳು. ಲಲಿತಾಬಾಯಿ ಆ ಪುಡಿಯ ಪೊಟ್ಟಣವನ್ನು ಒಲೆಗೆ ಎಸೆದಳು.

ಆಮೇಲಿನ ಆರು ವಾರ ಅವಳು ಬದುಕಿದ್ದು ಹೇಗೆ ಎಂದು ಅವಳಿಗೇ ಗೊತ್ತಿಲ್ಲ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಬಸ್ಸು, ಸಂಜೆಯತನಕ ಗೋದಾಮಿನ ಬಾಗಿಲು. ಕೆಲವು ದಿನ ಮಗಳು ಹೊರಗೆ ಬಂದು ಎರಡು ಮಾತಾಡುತ್ತಿದ್ದಳು, ಕೆಲವು ದಿನ ಇಲ್ಲ. ಒಮ್ಮೆ ಬಂದಾಗ ಹಣೆಯ ಮೇಲೆ ಬುಗುಟು ಎದ್ದಿತ್ತು, ಇನ್ನೊಮ್ಮೆ ಕೆಳತುಟಿ ಸೀಳಿತ್ತು. ಎಷ್ಟು ಸಲ ಬಿದ್ದೆ ಎಂದರೆ ತಿರುಗಿ ಒಳಗೆ ಹೋಗುತ್ತಿದ್ದಳು. ಒಳಗೆ ಅಡುಗೆ ಮಾಡುವ ಹೆಂಗಸೊಬ್ಬಳು ಮಾತ್ರ ತಾಯಿಯ ಸ್ಥಿತಿ ನೋಡಲಾರದೆ, ವಾರಕ್ಕೆ ಎರಡು ಸಲ ಬೀಳುತ್ತಾಳೆ ಎಂದಳು. ಮೊನ್ನೆ ಬಿದ್ದಾಗ ಸೆಳೆತ ಬಹಳ ಹೊತ್ತಿನತನಕ ನಿಲ್ಲಲೇ ಇಲ್ಲ ಎಂದೂ ಹೇಳಿದಳು.

ಲಲಿತಾಬಾಯಿ ಪ್ರಭುದಾಸನ ಕಾಲು ಹಿಡಿದಳು. "ಒಂದ್ ಮಾತ ಹೇಳ್ರಿ ಆಕಿಗಿ. ಗುಳಿಗಿ ತಗೋ ಅಂತ ನೀವು ಅಂದ್ರ ಕೇಳತಾಳ."

ಅವನು ಬಗ್ಗಿ ಅವಳನ್ನು ಎಬ್ಬಿಸಿದ. ವೇಷಧಾರಿ ಎಂದು ಬೈದು ಬರೋಣವೆಂದರೆ ಅವನ ಕಣ್ಣಲ್ಲಿಯೂ ನಿದ್ದೆಗೆಟ್ಟ ಗುರುತು ಇತ್ತು.

"ಅಕ್ಕ, ನಿಮಗ ಖರೇ ಹೇಳತೀನ್ರಿ. ನನಗ ನನ್ನ ಮ್ಯಾಲೇ ಯಕೀನ ಇರಲಿಲ್ಲ. ಆ ಶುಕ್ರವಾರ ನಿಮ್ಮ ಪಾಸ್ಟರ್ ಕೇಳಿದಾಗ, ನೀವು ಅಲ್ಲ ಅಂದ್ರ ಇದೆಲ್ಲ ಇವತ್ತಿಗಿ ಬಿಟ್ಟುಬಿಡೋಣು, ಊರಿಗಿ ಹೋಗಿ ಹೊಲ ಮಾಡೋಣು ಅಂತ ಮನಸನ್ಯಾಗ ಮಾಡಿದ್ದೆ. ನೀವು ಗಡುವು ಸೈತ ಕೇಳದೆ ಹೌದಂದ್ರಿ. ಅವತ್ತಿನಿಂದ ನಾ ಅಂಜಿಲ್ಲ. ಈಗ ನೀವೇ ಅಂಜಿದ್ರ ಹ್ಯಾಂಗ?"

ಬಸ್ಸಿನಲ್ಲಿ ವಾಪಸು ಬರುವಾಗ ಲಲಿತಾಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಮಗಳನ್ನು ಮಾತ್ರವಲ್ಲ, ಆ ಮನುಷ್ಯನನ್ನೂ ಕೆಡಿಸಿದವಳು ತಾನೇ. ಅವಳು ದೇವರನ್ನು ಬೇಡಿದಳು, ಬೈದಳು, ವರ ಕೊಟ್ಟವನು ಆ ಒಂದು ದಿನ ಎಲ್ಲಿ ಸತ್ತಿದ್ದೆ ಎಂದು ಕೇಳಿದಳು. ಅವನು ಎಲ್ಲಿಗೂ ಹೋಗಿರಲಿಲ್ಲ. ನಾಳೆ ಎನ್ನುವ ಮಾತನ್ನು ನಾಲಿಗೆಯ ತುದಿಗೆ ತಂದಿಟ್ಟಿದ್ದ, ನುಂಗಿದವಳು ಇವಳು. ಇದು ಅವಳಿಗೆ ಸಸ್ತಾಪುರ ಬಂಗ್ಲಾ ದಾಟುವಷ್ಟರಲ್ಲಿ ಗೊತ್ತಾಯಿತು.

ಮುಂದಿನ ಭಾನುವಾರ ಅವಳು ಗೋದಾಮಿನ ಮೊದಲ ಸಾಲಿನಲ್ಲಿ ಕೂತಳು. ಹುಮನಾಬಾದಿನ ಅರ್ಧ ಸಭೆ ಅಲ್ಲಿತ್ತು, ಮಾಣಿಕಪ್ಪ ಪಾಸ್ಟರೂ ಇದ್ದರು. ಹುಲಸೂರಿನಿಂದ ಕಾಂತಾಬಾಯಿ, ಸ್ವಪ್ನಿಲ ಬಂದಿದ್ದರು. ಸಾಕ್ಷಿಯ ಹೊತ್ತಿಗೆ ರೂಪಾಲಿ ಮೈಕಿನ ಮುಂದೆ ಬಂದಳು. ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಅವಳು ಬಾಯಿ ತೆರೆಯುವ ಮೊದಲು ಲಲಿತಾಬಾಯಿ ಎದ್ದು ನಿಂತಳು.

"ನಂದೊಂದ್ ಸಾಕ್ಷಿ ಅದ್ರಿ."

ಮಂದಿ ಜಾಗ ಬಿಟ್ಟರು. ಮೈಕಿನ ಮುಂದೆ ನಿಂತು ಅವಳು ಮಗಳನ್ನು ನೋಡಲಿಲ್ಲ, ನೋಡಿದರೆ ಮಾತು ನಿಲ್ಲುತ್ತಿತ್ತು.

"ಆ ಶುಕ್ರವಾರ ಪಾಸ್ಟರ್ ಕೇಳಿದಾಗ ನನಗ ಏನೂ ತಿಳಿದಿರಲಿಲ್ರಿ. ದೇವರು ಏನೂ ಹೇಳಿರಲಿಲ್ಲ. ನನ್ನ ಮಗಳಿಗಿ ಗುಣ ಆಗಲಿ, ಆಕಿ ಲಗ್ನ ಆಗಲಿ ಅಂತ ನಂಗ ಆಸೆ ಇತ್ತು. ಆ ಆಸೇನೇ ದೇವರ ಮಾತಂತ ಹೇಳಿಬಿಟ್ಟೆ. ಸುಳ್ಳು ಹೇಳೀನಿ. ನನ್ನ ಮಗಳಿಗಿ ಗುಣ ಆಗಿಲ್ಲ. ವಾರಕ್ಕ ಎರಡ್ ಸಲ ಬೀಳತಾಳ. ಯಾರಾದ್ರೂ ಆಕಿಗಿ ಗುಳಿಗಿ ತಿನಸ್ರಿ. ನಿಮ್ಮ ಕಾಲಿಗಿ ಬೀಳತೀನಿ."

ಕೊನೆಯ ಮಾತು ಕೂಗಿನಲ್ಲಿ ಹೋಯಿತು. ಇದು ಲಲಿತಾಬಾಯಿಯ ದನಿ ಅಲ್ಲ, ಒಳಗೆ ಬೇರೆ ಏನೋ ಹೊಕ್ಕಿದೆ ಎಂದು ಯಾರೋ ಅಂದರು. ಅಂದದ್ದೇ ತಡ, ಹತ್ತು ಕೈಗಳು ಅವಳನ್ನು ಹಿಡಿದವು. ಹನ್ನೊಂದು ವರ್ಷ ಯಾರಲ್ಲಿ ದೆವ್ವವಿದೆ ಯಾರಲ್ಲಿ ಇಲ್ಲ ಎಂದು ಹೇಳಿದವಳನ್ನು ಚಾಪೆಯ ಮೇಲೆ ಕೆಡವಿ, ತಲೆಗೆ ಎಣ್ಣೆ ಸುರಿದು, ಹೊರಗೆ ಬಾ ಹೊರಗೆ ಬಾ ಎಂದು ಕಿವಿಯ ಹತ್ತಿರ ಅರಚಿದರು. ಹಿಡಿದವರಲ್ಲಿ ಅವಳು ಹಿಂದೆ ದವಾಖಾನೆಗೆ ಕಳಿಸಿ ಉಳಿಸಿದವರೂ ಇದ್ದರು. ಮಾಣಿಕಪ್ಪ ಪಾಸ್ಟರ್ ನೆಲ ನೋಡುತ್ತ ನಿಂತಿದ್ದರು. ಕಣ್ಣಿಗೆ ಎಣ್ಣೆ ಇಳಿದು ಅವಳಿಗೆ ಏನೂ ಕಾಣಲಿಲ್ಲ. ಕಾಂತಾಬಾಯಿ ಸ್ವಪ್ನಿಲನನ್ನು ಎಬ್ಬಿಸಿಕೊಂಡು ಹೋದದ್ದನ್ನು ಅವಳು ನೋಡಲಿಲ್ಲ.

"ನಿಲ್ಲಸ್ರಿ!" ಎಂದ ಪ್ರಭುದಾಸ. ಅವನ ಮುಖ ಬಿಳಿಚಿತ್ತು. "ಇಕಿ ಮಗಳು ಇದ್ದಾಳ. ಆಕಿನ್ನ ಕೇಳೋಣು. ತಂಗಿ, ನಿಮ್ಮವ್ವನ ಬಾಯಾಗ ಮಾತಾಡಿದ್ದು ಯಾರು? ದೇವರೋ, ಸೈತಾನನೋ?"

ರೂಪಾಲಿ ತಾಯಿಯ ಹತ್ತಿರ ಬಂದು ಮೊಣಕಾಲೂರಿದಳು.

"ಅವ್ವಾ, ಹಂಗಾದ್ರ ಮೊದಲಿನವು? ಭಾಗಮ್ಮಂದು, ಪಾಂಡುರಂಗಂದು? ಅವೂ ಸುಳ್ಳೇನು?"

ಇದಕ್ಕೆ ಏನು ಹೇಳಬೇಕು? ಅಲ್ಲ ಎಂದರೆ, ಇದೊಂದು ಮಾತ್ರ ಹೇಗೆ ಸುಳ್ಳಾಯಿತು ಎನ್ನುತ್ತಾರೆ. ಹೌದು ಎಂದರೆ, ಬದುಕಿನಲ್ಲಿ ಅವಳ ಪಾಲಿಗೆ ಬಂದ ಒಂದೇ ಒಂದು ದೊಡ್ಡ ವಸ್ತು ಹೋಗುತ್ತದೆ.

"ಅವು ನಂಗೊತ್ತಿಲ್ಲವ್ವ" ಎಂದಳು ಲಲಿತಾಬಾಯಿ. "ಇರಬಹುದು. ಇದು ಮಾತ್ರ ಸುಳ್ಳು. ಇದು ಬರಾಬರ್ ಗೊತ್ತದ."

ರೂಪಾಲಿ ತನ್ನ ಸೆರಗಿನಿಂದ ತಾಯಿಯ ಕಣ್ಣಿನ ಎಣ್ಣೆ ಒರೆಸಿದಳು. ಅವಳು ಎದ್ದು ಪ್ರಭುದಾಸನ ಕಡೆ ತಿರುಗಿದಳು.

"ನಾಳಿ ಹೇಳತೀನ್ರಿ" ಎಂದಳು.

ಮಾಣಿಕಪ್ಪ ಪಾಸ್ಟರ್ ತಲೆ ಎತ್ತಿ ನೋಡಿದರು. ಹಿಡಿದ ಕೈಗಳು ತಾವಾಗಿ ಸಡಿಲವಾದವು.

ಅಂದು ಸಂಜೆ ರೂಪಾಲಿ ತಾಯಿಯ ಜೊತೆ ಹುಮನಾಬಾದಿನ ಮನೆಗೆ ಬಂದಳು, ಇಬ್ಬರೂ ಉಣ್ಣಲಿಲ್ಲ. ಸೋಮವಾರ ಬೆಳಿಗ್ಗೆ ಲಲಿತಾಬಾಯಿ ಕೆಲಸಕ್ಕೆ ಹೊರಟಾಗ ರೂಪಾಲಿ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದಳು. "ನಿನಗ ಅಲ್ಲೇ ತಿಳೀತದಲ್ಲ, ರೊಟ್ಟಿ ಬಡಿಯುವಾಗ. ನಾನೂ ಅಲ್ಲೇ ಕೂಡತೀನಿ."

ಹಾಸ್ಟೆಲ್ಲಿನ ಒಲೆ ದೊಡ್ಡದು, ಬೆಂಕಿ ಹೊರಗೆ ನಾಲಿಗೆ ಚಾಚುತ್ತಿತ್ತು. ಹಂಚಿನ ಮುಂದೆ ರೂಪಾಲಿ ಕೂತಳು, ಎಡಗೈಯಿಂದ ರೊಟ್ಟಿ ತಟ್ಟಿದಳು, ಸುಟ್ಟ ಬಲಗೈ ಆಸರೆಗೆ. ಲಲಿತಾಬಾಯಿ ಬೆಂಕಿಗೂ ಮಗಳಿಗೂ ನಡುವೆ ಒಂದು ಮೊಣಕಾಲು ಚಾಚಿ ಕೂತು ಅವಳ ಕಣ್ಣನ್ನೇ ನೋಡುತ್ತಿದ್ದಳು. ಬೀಳುವ ಮೊದಲು ಎಡಗಣ್ಣಿನ ರೆಪ್ಪೆ ಒಂದೆರಡು ಸಲ ಅದುರುತ್ತದೆ, ಅದು ಅವಳಿಗೆ ಗೊತ್ತು. ಸೀರೆಯ ಅಂಚಿಗೆ ಕಿಡಿ ಹಾರಿದ್ದೂ ತಿಳಿಯಲಿಲ್ಲ. ಇನ್ನೂರು ರೊಟ್ಟಿ ಮುಗಿಯುವತನಕ ಅವಳು ಹೊಸ ಪ್ರಾರ್ಥನೆ ಏನೂ ಮಾಡಲಿಲ್ಲ, ರೆಪ್ಪೆ ಅದುರದಿರಲಿ ಎನ್ನುವುದೊಂದೇ.

ಕೊನೆಯ ರೊಟ್ಟಿ ಬುಟ್ಟಿಗೆ ಹಾಕಿ ರೂಪಾಲಿ ಕೈ ಝಾಡಿಸಿಕೊಂಡಳು.

"ರಾತ್ರಿಯೆಲ್ಲ ಕೇಳೀನವ್ವ. ಇಲ್ಲೂ ಕೇಳೀನಿ. ನನಗ ಏನೂ ತಿಳೀಲಿಲ್ಲ."

ಲಲಿತಾಬಾಯಿ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು.

"ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅಂತೇ ಹೇಳಬೇಕಲ್ಲ" ಎಂದು ರೂಪಾಲಿ ಸುಟ್ಟ ಅಂಗೈಯನ್ನು ಮುಂದೆ ಚಾಚಿದಳು. "ಕೊಡು ಗುಳಿಗಿ."

ಗುಳಿಗೆ ಎಲ್ಲಿತ್ತು? ಪುಡಿಯಾಗಿ ಒಲೆಯಲ್ಲಿ ಉರಿದು ಆರು ವಾರವಾಗಿತ್ತು, ಮುಟ್ಟದವಳಿಗೆಂದು ಹೊಸದು ತಂದಿರಲಿಲ್ಲ. ಮಹೆಬೂಬನ ಅಂಗಡಿ ತೆರೆಯುವುದು ಒಂಬತ್ತಕ್ಕೆ, ಇನ್ನೂ ಏಳೂವರೆ. ಆದರೂ ಲಲಿತಾಬಾಯಿ ಮಗಳ ರೆಟ್ಟೆ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಓಡುವ ಹಾಗೆ ನಡೆಸಿಕೊಂಡು ಹೋದಳು. ಶಟರು ಇಳಿದಿತ್ತು. ಪಕ್ಕದ ಚಹಾದವನು ಮಹೆಬೂಬನನ್ನು ಕರೆತರುತ್ತೇನೆಂದು ಸೈಕಲ್ಲು ಹತ್ತಿ ಹೋದ.

ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ರೂಪಾಲಿಗೆ ನಿದ್ದೆಯಿಲ್ಲ, ಅನ್ನವಿಲ್ಲ, ಬೆಂಕಿಯ ಮುಂದೆ ಎರಡು ತಾಸು ಕೂತು ಬಂದವಳು. ಅವಳ ಎಡಗಣ್ಣಿನ ರೆಪ್ಪೆ ಒಮ್ಮೆ ಅದುರಿತು. ಅವಳಿಗೂ ಗೊತ್ತಾಯಿತು. ತಾಯಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಅವ್ವಾ, ಅಂಗಡಿಯವರು ಬರೂದರೊಳಗ ಬ್ಯಾನಿ ಬಂದ್ರ? ನಾ ಉಳೀತೀನೇನು?"

ಹನ್ನೊಂದು ವರ್ಷ ಎಷ್ಟೋ ಮಂದಿ ಇಂಥದೇ ಪ್ರಶ್ನೆ ಕೇಳಿದ್ದರು. ಲಲಿತಾಬಾಯಿ ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಮೆಟ್ಟಿಲ ಕಲ್ಲಿನ ಅಂಚಿಗೆ ತನ್ನ ಅಂಗೈ ಅಡ್ಡ ಇಟ್ಟಳು.

"ನನಗ ತಿಳೀವಲ್ದು, ಅವ್ವಾ" ಎಂದಳು. "ನಾ ಹಿಡಕೊಂಡ್ ಕೂತೀನಿ."